ಜಿಮ್ಮಿ ಗ್ಲಾಸ್ ಗೋಲಿನ ಹಿಂದಿನ ನೂರು ವರ್ಷ

ಗೋಲ್‌ಕೀಪರ್ ಜಿಮ್ಮಿ ಗ್ಲಾಸ್ ಇಂಗ್ಲೆಂಡಿನ ಫುಟ್‌ಬಾಲ್ ಕ್ಲಬ್ ಕಾರ್ಲೈಲ್ ಯುನೈಟೆಡ್ ಪರ ಆಡಿದ್ದು ಮೂರೇ ಪಂದ್ಯ. ಅದೂ ಎರವಲು ಆಟಗಾರನಾಗಿ. ಕ್ಲಬ್ ತನ್ನ ಖಾಯಂ ಗೋಲ್‌ಕೀಪರ್‌ನನ್ನು ಮಾರಿಬಿಟ್ಟಿತ್ತು, ಆಮೇಲೆ ಡರ್ಬಿಯಿಂದ ಎರವಲು ತಂದವನನ್ನು ಡರ್ಬಿ ವಾಪಸ್ ಕರೆಸಿಕೊಂಡಿತು. ಆಟಗಾರರ ವರ್ಗಾವಣೆಯ ಗಡುವು ಮುಗಿದಿದ್ದರಿಂದ ಲೀಗ್‌ನ ವಿಶೇಷ ಅನುಮತಿ ಪಡೆದು ಸ್ವಿಂಡನ್‌ನಿಂದ ಗ್ಲಾಸ್ ಅವರನ್ನು ಕರೆತಂದರು. ಅವರ ಮೂರನೇ ಪಂದ್ಯ 1999ರ ಮೇ 8ರಂದು, ಪ್ಲಿಮತ್ ವಿರುದ್ಧ. ಇಂಜುರಿ ಟೈಮ್ ಮುಗಿಯುತ್ತಿದೆ, ಸ್ಕೋರ್ 1–1. ಗೆಲ್ಲದಿದ್ದರೆ ಕಾರ್ಲೈಲ್ ಇಂಗ್ಲೆಂಡಿನ ವೃತ್ತಿಪರ ಕ್ಲಬ್‌ಗಳ ಫುಟ್‌ಬಾಲ್ ಲೀಗ್‌ನಿಂದಲೇ ಹೊರಗೆ. ಕೊನೆಯ ಕಾರ್ನರ್‌ಗೆ ಗ್ಲಾಸ್ ತಮ್ಮ ಗೋಲು ಬಿಟ್ಟು ಮುಂದಕ್ಕೆ ಓಡಿದರು. ಸ್ಕಾಟ್ ಡೋಬಿಯ ಹೆಡರನ್ನು ಎದುರಾಳಿ ಕೀಪರ್ ತಡೆದಾಗ ಚಿಮ್ಮಿ ಬಂದ ಚೆಂಡನ್ನು ಬಲೆಗೆ ಒದ್ದರು. ಕಾರ್ಲೈಲ್ ಉಳಿಯಿತು.

ಈ ಗೋಲನ್ನು ಪವಾಡ ಎನ್ನುವವರು ಬಹಳ. ಆದರೆ ಹದಿಮೂರು ವರ್ಷ ಮೊದಲು ಇಂಥದೊಂದು ಗೋಲಿಗೆ ಇಷ್ಟು ಬೆಲೆಯೇ ಇರುತ್ತಿರಲಿಲ್ಲ.

1888ರಲ್ಲಿ 12 ಕ್ಲಬ್‌ಗಳೊಂದಿಗೆ ಶುರುವಾದ ಲೀಗ್, ತೀರ ಕೆಳಗೆ ಬಿದ್ದವರನ್ನು ತಾನಾಗಿ ಹೊರಹಾಕುತ್ತಿರಲಿಲ್ಲ. ಅವರು ಮರುಆಯ್ಕೆಗೆ ಅರ್ಜಿ ಹಾಕಬೇಕಿತ್ತು, ಅಷ್ಟೇ. ತೀರ್ಪು ಕೊಡುತ್ತಿದ್ದವರು ಜೊತೆ ಕ್ಲಬ್‌ಗಳೇ. ಮೇಲಿನ ಎರಡು ಡಿವಿಷನ್‌ಗಳ ಕ್ಲಬ್‌ಗಳಿಗೆ ತಲಾ ಒಂದು ಮತ, ಕೆಳಗಿನವರಿಗೆಲ್ಲ ಸೇರಿ ಬೆರಳೆಣಿಕೆಯಷ್ಟು. ಪರಿಚಯದವರನ್ನು ಕೈಬಿಡಲು ಯಾರಿಗೆ ಮನಸ್ಸು ಬಂದೀತು? ಹಾರ್ಟಲ್‌ಪೂಲ್ 14 ಸಲ ಅರ್ಜಿ ಹಾಕಿತು, 14 ಸಲವೂ ಉಳಿಯಿತು. ನಾಲ್ಕನೇ ಡಿವಿಷನ್ ಹುಟ್ಟಿದ 1958ರಿಂದ 1986ರವರೆಗೆ ಮತದಿಂದ ಜಾಗ ಕಳೆದುಕೊಂಡವು ಐದೇ ಕ್ಲಬ್: ಗೇಟ್ಸ್‌ಹೆಡ್, ಬ್ರಾಡ್‌ಫರ್ಡ್ ಪಾರ್ಕ್ ಅವೆನ್ಯೂ, ಬ್ಯಾರೋ, ವರ್ಕಿಂಗ್ಟನ್, ಸೌತ್‌ಪೋರ್ಟ್. 1980ರಲ್ಲಿ ಹೊರಗಿನ ಕ್ಲಬ್ ಆಲ್ಟ್ರಿಂಗಮ್ ತನ್ನ ಲೀಗ್ ಗೆದ್ದು ಬಂದು, ಮತದಾನದಲ್ಲಿ ರಾಚ್‌ಡೇಲ್ ಎದುರು 26–25ರಲ್ಲಿ ಸೋತಿತು. ಮೈದಾನದಲ್ಲಿ ಗೆದ್ದವರನ್ನು ಸಭೆಯಲ್ಲಿ ಒಂದು ಮತ ಹೊರಗಿಟ್ಟಿತು. ನನ್ನ ಪ್ರಕಾರ ಆ ವ್ಯವಸ್ಥೆ ಅನ್ಯಾಯದ್ದು ಅನ್ನಲು ಇದೊಂದೇ ಸಾಕು.

1986–87ರಿಂದ ನಿಯಮ ಬದಲಾಯಿತು. ಕೊನೆಯವರು ನೇರ ಹೊರಗೆ, ಅದರ ಕೆಳಗಿನ ಹಂತವಾದ ಕಾನ್ಫರೆನ್ಸ್ ಲೀಗ್‌ನ ಚಾಂಪಿಯನ್ ನೇರ ಒಳಗೆ. ಮೊದಲ ವರ್ಷ ಹೊರಬಿದ್ದದ್ದು ಲಿಂಕನ್ ಸಿಟಿ. ಹಾಗೆ ಮೇಲೆ ಬಂದ ಮೊದಲ ಕ್ಲಬ್ ಯಾರ್ಕ್‌ಷೈರ್ ಕಡಲತೀರದ ಸ್ಕಾರ್ಬರೋ. ಅದೇ ಸ್ಕಾರ್ಬರೋ 1999ರಲ್ಲಿ ಪೀಟರ್‌ಬರೋ ಜೊತೆ 1–1 ಡ್ರಾ ಮಾಡಿಕೊಂಡು, ಉಳಿದೆವು ಎಂದು ಅಭಿಮಾನಿಗಳು ಮೈದಾನದಲ್ಲಿ ಕುಣಿಯುತ್ತಿದ್ದಾಗ ಕಾರ್ಲೈಲ್‌ನಿಂದ ಸುದ್ದಿ ಬಂತು. ಹೊರಬಿದ್ದದ್ದು ಸ್ಕಾರ್ಬರೋ, ಮತ್ತೆ ಲೀಗ್‌ಗೆ ಬರಲೇ ಇಲ್ಲ. 1879ರಲ್ಲಿ ಹುಟ್ಟಿದ ಕ್ಲಬ್ 2007ರಲ್ಲಿ ಸಾಲದಲ್ಲಿ ಮುಳುಗಿ ಮುಚ್ಚಿತು. ಸೋಲಿಗಿಂತ ಹೆಚ್ಚಾಗಿ ಹಣಕಾಸೇ ಅದನ್ನು ಕೊಂದಿರಬಹುದು. ಆದರೂ ಗ್ಲಾಸ್ ಗೋಲಿನ ಕಥೆ ಹೇಳುವವರು ಆ ಊರನ್ನು ಬಿಟ್ಟು ಹೇಳಬಾರದು ಅಂತ ನನಗೆ ಬಲವಾಗಿ ಅನಿಸುತ್ತದೆ. ಅಭಿಮಾನಿಗಳು ಸ್ಕಾರ್ಬರೋ ಅಥ್ಲೆಟಿಕ್ ಎಂದು ಹೊಸ ಕ್ಲಬ್ ಕಟ್ಟಿದರು. ಸ್ವಂತ ಊರಲ್ಲಿ ಆಡಲು ಅದು 2017ರವರೆಗೆ ಕಾಯಬೇಕಾಯಿತು.

ಇನ್ನು ಗ್ಲಾಸ್. 1973ರಲ್ಲಿ ಎಪ್ಸಮ್‌ನಲ್ಲಿ ಹುಟ್ಟಿ, ಕ್ರಿಸ್ಟಲ್ ಪ್ಯಾಲೆಸ್‌ನಲ್ಲಿ ಪಳಗಿ, ಬೋರ್ನ್‌ಮತ್‌ನಲ್ಲಿ ನೆಲೆ ಕಂಡವರು. 1998ರಲ್ಲಿ ವೆಂಬ್ಲಿಯಲ್ಲಿ ಕೆಳಹಂತದ ಕ್ಲಬ್‌ಗಳ ಕಪ್ ಫೈನಲ್ ಆಡಿದರು. ಅಂದು ಎದುರಾಳಿ ಗ್ರಿಮ್ಸ್‌ಬಿಗೆ ಸಿಕ್ಕ ಸಮಬಲದ ಗೋಲು ಗ್ಲಾಸ್ ತಮ್ಮದೇ ಬಲೆಗೆ ಹಾಕಿಕೊಂಡ ಗೋಲಾಗಿ ದಾಖಲಾಯಿತು, ಬೋರ್ನ್‌ಮತ್ ಸೋತಿತು. ಕಾರ್ಲೈಲ್ ಉಳಿಸಿದ ಮೇಲಾದರೂ ಅಲ್ಲಿ ಕೆಲಸ ಖಾಯಂ ಆಗಬೇಕಿತ್ತು, ಆಗಲಿಲ್ಲ. ಕೇಂಬ್ರಿಜ್, ಬ್ರೆಂಟ್‌ಫರ್ಡ್, ಆಕ್ಸ್‌ಫರ್ಡ್ ಎಂದು ಅಲೆದು, ಮೂವತ್ತು ತುಂಬುವ ಮೊದಲೇ ವೃತ್ತಿಪರ ಆಟ ಬಿಟ್ಟರು. ಆಮೇಲೆ ಡಾರ್ಸೆಟ್‌ನಲ್ಲಿ ಟ್ಯಾಕ್ಸಿ ಓಡಿಸಿದರು. ಕೆಳ ಡಿವಿಷನ್‌ಗಳ ಗುತ್ತಿಗೆಗಳು ಒಂದೆರಡು ವರ್ಷದವು. ಅವು ಮುಗಿದಾಗ ಕೈಯಲ್ಲಿ ಉಳಿತಾಯವೂ ಕಡಿಮೆ, ಬೇರೆ ಕಸುಬೂ ಇರುವುದಿಲ್ಲ. ಈ ಮಟ್ಟದ ನೂರಾರು ಆಟಗಾರರ ಪಾಡು ಇದೇ. ಗ್ಲಾಸ್ ಹೆಸರು ಮಾತ್ರ ನಮಗೆ ಗೊತ್ತು.

ಕಾರ್ಲೈಲ್ ಕೊನೆಗೂ 2004ರಲ್ಲಿ ಹೊರಬಿತ್ತು. ಅದಕ್ಕೆ ಒಂದು ವರ್ಷ ಮೊದಲು, 2003ರಿಂದ, ಒಂದರ ಬದಲು ಎರಡು ಕ್ಲಬ್‌ಗಳಿಗೆ ಬಡ್ತಿ ಕೊಡತೊಡಗಿದ್ದರು. ಆ ಎರಡನೇ ಜಾಗವನ್ನೇ ಪ್ಲೇ–ಆಫ್‌ನಲ್ಲಿ (ಚಾಂಪಿಯನ್ ನಂತರದ ಸ್ಥಾನಗಳವರ ನಾಕೌಟ್ ಪಂದ್ಯಗಳಲ್ಲಿ) ಗೆದ್ದು ಕಾರ್ಲೈಲ್ 2005ರಲ್ಲಿ ಮರಳಿತು. ಹಳೆಯ ನಿಯಮವೇ ಇದ್ದಿದ್ದರೆ ಚಾಂಪಿಯನ್ ಬಾರ್ನೆಟ್ ಒಂದೇ ಮೇಲೇರುತ್ತಿತ್ತು. ಈಗ ನ್ಯಾಷನಲ್ ಲೀಗ್ (ಹಳೆಯ ಕಾನ್ಫರೆನ್ಸ್‌ನ ಹೊಸ ಹೆಸರು) ಕ್ಲಬ್‌ಗಳು ಮೂರು ಜಾಗ ಕೊಡಿ ಎಂದು ಒತ್ತಾಯಿಸುತ್ತಿವೆ. 2025ರಲ್ಲಿ ಮತ್ತೆ ಕೆಳಗಿಳಿದ ಕಾರ್ಲೈಲ್ ಸೇರಿದ್ದು ಅದೇ ಲೀಗ್‌ಗೆ.