ತಂತಿ ತಿರುಗಿಸಿ ಕಟ್ಟಿದರೆ ಎಡಗೈ ಪಿಟೀಲು ಆಗುತ್ತದೆಯೇ?

ಪ್ರಶ್ನೆ: ಬರೋಕ್ (17–18ನೇ ಶತಮಾನದ ಯುರೋಪಿನ) ಸಂಗೀತ ನುಡಿಸುವ ಜರ್ಮನಿಯ ಪಿಟೀಲು ವಾದಕ ರೈನ್‌ಹಾರ್ಡ್ ಗ್ಯೋಬೆಲ್ ಎಡಗೈ ಕೆಟ್ಟ ಮೇಲೆ ಕೈ ಬದಲಿಸಿ ನುಡಿಸಿದರಂತೆ. ನನ್ನ ಮಗ ಎಡಚ. ಅವನ ಪಿಟೀಲಿಗೂ ತಂತಿ ಹಿಂದುಮುಂದಾಗಿ ಕಟ್ಟಿದರೆ ಸಾಕಲ್ಲವೇ?

ಉತ್ತರ: ಸಾಲದು. ಎಷ್ಟು ಸಲ ಹೇಳಿದರೂ ಈ ಪ್ರಶ್ನೆ ಹೋಗುವುದಿಲ್ಲ. ಎಡಚರು ತಂತಿ ತಿರುಗಿಸಿ ಕಟ್ಟಿದ ಗಿಟಾರ್ ನೋಡಿದವರು ಪಿಟೀಲಿಗೂ ಅದೇ ಲೆಕ್ಕ ಹಾಕುತ್ತಾರೆ.

ಮೊದಲು ಗ್ಯೋಬೆಲ್. 1973ರಲ್ಲಿ ಸಹಪಾಠಿಗಳನ್ನು ಸೇರಿಸಿಕೊಂಡು ‘ಮ್ಯೂಸಿಕಾ ಆಂಟಿಕ್ವಾ ಕ್ಯೋಲ್ನ್’ ಎಂಬ ವಾದ್ಯತಂಡ ಕಟ್ಟಿದವರು. 80ರ ದಶಕದಲ್ಲಿ ಅವರು ಧ್ವನಿಮುದ್ರಿಸಿದ, ಸಂಗೀತ ರಚನಕಾರ ಬಾಖ್‌ನ ಬ್ರಾಂಡನ್‌ಬರ್ಗ್ ಕೃತಿಗಳ ವೇಗದ ಬಗ್ಗೆ ಜಗಳ ಇನ್ನೂ ನಿಂತಿಲ್ಲ. 1990ರಲ್ಲಿ ಎಡಗೈಗೆ ಫೋಕಲ್ ಡಿಸ್ಟೋನಿಯಾ ಬಂತು. ಇದು ಲಕ್ವ ಅಲ್ಲ. ಬೇರೆ ಕೆಲಸಕ್ಕೆ ಸರಿಯಾಗಿ ಒದಗುವ ಬೆರಳು, ಅಭ್ಯಾಸವಾದ ಆ ಒಂದು ಕೆಲಸ ಹಿಡಿದೊಡನೆ ತಾನಾಗಿ ಮಡಚಿಕೊಳ್ಳುತ್ತದೆ. ಅವರು ಕಮಾನನ್ನು ಎಡಗೈಗೆ ಕೊಟ್ಟು, ಬಲಗೈ ಬೆರಳುಗಳಿಗೆ ಮೊದಲಿಂದ ಪಾಠ ಹೇಳಿದರು. ತಂಡ ಮೂರು ದಶಕಕ್ಕೂ ಹೆಚ್ಚು ಕಾಲ ನಡೆಯಿತು.

ಇನ್ನು ತಂತಿಯ ಮಾತು. ಪಿಟೀಲು ಹೊರಗಿನಿಂದ ಎಡಬಲ ಒಂದೇ ಥರ ಕಾಣುತ್ತದೆ, ಒಳಗೆ ಹಾಗಿಲ್ಲ. ತಂತಿಗಳನ್ನು ಎತ್ತಿ ಹಿಡಿಯುವ ಕುದುರೆಯ (ಬ್ರಿಜ್) ಎರಡು ಕಾಲುಗಳಿಗೆ ಬೇರೆ ಬೇರೆ ಕೆಲಸ. ಮಂದ್ರದ ಕಾಲಿನ ಕೆಳಗೆ, ಮೇಲ್ಹಲಗೆಯ ಒಳಮೈಗೆ ಬಾಸ್ ಬಾರ್ ಎಂಬ ಉದ್ದನೆಯ ಪಟ್ಟಿ ಅಂಟಿಸಿರುತ್ತಾರೆ. ತಾರದ ಕಾಲಿನ ತುಸು ಹಿಂದೆ ಸುಮಾರು 6 ಮಿ.ಮೀ. ದಪ್ಪದ ಸೌಂಡ್ ಪೋಸ್ಟ್ ಎಂಬ ಮರದ ಕಡ್ಡಿ ಒಳಗೆ ನಿಂತಿರುತ್ತದೆ, ಅಂಟಿಲ್ಲದೆ, ಬರೀ ಒತ್ತಡದ ಮೇಲೆ. ತಾರದ ಕಾಲು ಪೋಸ್ಟಿನಿಂದಾಗಿ ಹೆಚ್ಚು ಅಲ್ಲಾಡುವುದಿಲ್ಲ. ಮಂದ್ರದ ಕಾಲು ಮೇಲೆ ಕೆಳಗೆ ಆಡಿ, ಬಾರ್ ಮೂಲಕ ಹಲಗೆಯನ್ನು ದೂಡುತ್ತದೆ. ತಂತಿ ಮಾತ್ರ ತಿರುಗಿಸಿದರೆ ಎಲ್ಲಕ್ಕಿಂತ ಮಂದ್ರವಾದ ಜಿ ತಂತಿ ಪೋಸ್ಟಿನ ನೆತ್ತಿಗೆ ಬಂದು ಕೂರುತ್ತದೆ. ನಾದ ಬರುತ್ತದೆ, ಆದರೆ ಮಂದ್ರ ಮಂಕಾಗಿ, ಹುರುಳಿಲ್ಲದೆ.

ಕುದುರೆಯ ನೆತ್ತಿಯೂ ಓರೆ: ಜಿ ಕಡೆ ಎತ್ತರ, ಎಲ್ಲಕ್ಕಿಂತ ತಾರದ ಇ ತಂತಿಯ ಕಡೆ ತಗ್ಗು. ತಿರುಗಿಸಿದಾಗ ಜಿ ತಂತಿ ಕೆಳಗಿನ ಫಿಂಗರ್ ಬೋರ್ಡಿಗೆ (ಬೆರಳೊತ್ತುವ ಪಟ್ಟಿ) ಬಡಿದು ಗರಗರ ಎನ್ನುತ್ತದೆ, ಇ ತಂತಿ ಒತ್ತಲು ಬೆರಳು ನೋಯುತ್ತದೆ. ಬಿರಡೆಗಳ ಬಳಿ ತಂತಿಗಳು ಹಾಯುವ ಸಣ್ಣ ಪಟ್ಟಿಯ, ಅಂದರೆ ನಟ್ಟಿನ, ಕಚ್ಚುಗಳೂ ತಂತಿಯ ದಪ್ಪಕ್ಕೆ ತಕ್ಕಂತೆ ಕೊರೆದವು. ಕರುಳಿನ ಇ ತಂತಿ 0.6 ಮಿ.ಮೀ. ಆಸುಪಾಸು, ಜಿ ಅದಕ್ಕಿಂತ ಬಹಳ ದಪ್ಪ. ತೆಳು ಕಚ್ಚಿನಲ್ಲಿ ದಪ್ಪ ತಂತಿ ಸಿಕ್ಕಿಕೊಂಡರೆ ಬಿರಡೆ ತಿರುವಿದಷ್ಟೂ ಶ್ರುತಿ ಹಾರಿ ಹಾರಿ ಹೋಗುತ್ತದೆ.

ಸರಿಯಾಗಿ ಮಾಡಬೇಕೆಂದರೆ ರಿಪೇರಿಯವರು ಮೇಲ್ಹಲಗೆ ಬಿಡಿಸಿ, ಹಳೆಯ ಬಾರ್ ಕೆತ್ತಿ ತೆಗೆದು, ಆಚೆ ಬದಿಗೆ ಹೊಸದು ಕೂರಿಸಿ, ಪೋಸ್ಟ್, ಕುದುರೆ, ನಟ್ಟು ಮೂರನ್ನೂ ಹೊಸದಾಗಿ ಮಾಡಬೇಕು. ಕಲಿಯುವವರ ಪಿಟೀಲಿಗೆ ಇಷ್ಟು ಖರ್ಚು ಮಾಡುವ ಬದಲು ಎಡಗೈಗೆಂದೇ ಮಾಡಿದ್ದನ್ನು ಕೊಳ್ಳಿ. ಅದಕ್ಕೂ ಮೊದಲು ಮಾಮೂಲಿ ಪಿಟೀಲನ್ನೇ ಕೊಟ್ಟು ನೋಡಿ. ಬೆರಳಾಡಿಸುವುದು ಎಡಗೈಯೇ ಅಲ್ಲವೇ, ಎಡಚರಿಗೆ ಅದೇನು ನಷ್ಟ? ಎಡಚ ವಾದಕರಲ್ಲಿ ಹೆಚ್ಚಿನವರು ಹಾಗೇ ನುಡಿಸುವುದು.

ಕೇಳದಿದ್ದರೂ ಒಂದು ಮಾತು: ಕೈ ಬದಲಿಸಿದವರು ವಾದ್ಯವೃಂದದ ಸಾಲಿನಲ್ಲಿ ಕೂತರೆ ಪಕ್ಕದವರ ಕಮಾನಿಗೆ ಕಮಾನು ತಾಗುತ್ತದೆ. ಮುಂದೆ ನಿಂತು ತಂಡ ನಡೆಸುವವರಿಗೆ ಆ ತೊಂದರೆಯಿಲ್ಲ. ಆದರೆ ಅವರ ಕಮಾನೇ ಉಳಿದವರಿಗೆ ಸಂಜ್ಞೆ. ಎತ್ತುಗೆಯಲ್ಲಿ, ಅಂದರೆ ಮೊದಲ ಪೆಟ್ಟಿಗೆ ಮುಂಚಿನ ಕ್ಷಣದಲ್ಲಿ, ಕಮಾನು ಗಾಳಿಯಲ್ಲಿ ಎಷ್ಟು ವೇಗವಾಗಿ ಏಳುತ್ತದೋ ಅದೇ ಲಯ. ಜತೆಗೆ ಒಂದು ಉಸಿರು. ತಾಳದ ಬಲವಾದ ಪೆಟ್ಟಿಗೆ ಎಲ್ಲರೂ ಕಮಾನನ್ನು ಕೆಳಗೆಳೆಯುವುದು 17ನೇ ಶತಮಾನದ ಫ್ರೆಂಚ್ ಆಸ್ಥಾನದ ಸಂಗೀತಗಾರ ಲುಲ್ಲಿಯ ತಂಡದ ಪದ್ಧತಿ, ಸಂಗೀತ ರಚನಕಾರ ಮುಫಾಟ್ ಅದನ್ನು 1698ರಲ್ಲಿ ಬರೆದಿಟ್ಟ. ಕನ್ನಡಿಯಲ್ಲಿ ಕಂಡ ಹಾಗೆ ಎಡಬಲ ಬದಲಾದರೂ ಮೇಲೆ ಕೆಳಗೆ ಬದಲಾಗುವುದಿಲ್ಲ. ಹಾಗಾಗಿ ನೋಡುವವರಿಗೆ ಮೊದಲ ಕೆಲವು ತಾಲೀಮು ಗಲಿಬಿಲಿ, ಆಮೇಲೆ ಏನೂ ಇಲ್ಲ.