ಔಷಧಿ ಆಮೇಲೆ, ಮೊದಲು ನೀರು ಎಲ್ಲಿ ನಿಂತಿದೆ ನೋಡಿ

ಜುಲೈ ಬಂತೆಂದರೆ ನನ್ನ ಫೋನಿನ ತುಂಬ ಹಳದಿ ಎಲೆಗಳ ಫೋಟೊ. ಕೆಳಗೆ ಒಂದೇ ಪ್ರಶ್ನೆ: “ಸರ್, ಮೆಣಸಿನ ಬಳ್ಳಿಗೆ ಯಾವ ಔಷಧಿ ಹೊಡೀಲಿ?” ಬುಡದ ಫೋಟೊ ಕಳಿಸುವವರು ಅಪರೂಪ.

ಕಾಳುಮೆಣಸು ನಮ್ಮ ಪಶ್ಚಿಮಘಟ್ಟದ್ದೇ ಬಳ್ಳಿ. ನಿತ್ಯಹರಿದ್ವರ್ಣ ಕಾಡಿನ ಅರೆನೆರಳಲ್ಲಿ ಮರ ಹಿಡಿದು ಏರುತ್ತದೆ. ಅಲ್ಲಿ ಮಳೆಗೇನು ಬರವೇ? ಆದರೆ ಅಲ್ಲಿ ನೆಲ ಇಳಿಜಾರು, ಮೇಲೆ ದರಗಿನ ಹೊದಿಕೆ. ಬಿದ್ದ ನೀರು ಇಂಗುತ್ತದೆ, ಇಲ್ಲವೇ ಇಳಿದು ಹೋಗುತ್ತದೆ. ಬಳ್ಳಿಗೆ ಬೇಕಾದ್ದು ತೇವ, ಕೆಸರಲ್ಲ.

ಶೀಘ್ರ ಸೊರಗು ರೋಗ ತರುವ ಫೈಟಾಪ್ತೊರಾ ಎಂಬ ಶಿಲೀಂಧ್ರದಂಥ ಸೂಕ್ಷ್ಮಜೀವಿಯ ಬೀಜಕಣಗಳು ನೀರಿನಲ್ಲಿ ಈಜುತ್ತವೆ. ಬುಡದಲ್ಲಿ ನೀರು ನಿಂತರೆ ಈಜಿಕೊಂಡು ಬೇರಿಗೇ ಬರುತ್ತವೆ. ಬಳ್ಳಿಗೆ ಆಹಾರ ಹೀರುವ ಬೇರುಗಳು ಹೆಚ್ಚಾಗಿ ಮೇಲ್ಮಣ್ಣಿನಲ್ಲೇ ಇರುತ್ತವೆ. ಮೊದಲು ಬೇರು ಕೊಳೆಯುತ್ತದೆ, ಎಲೆ ಹಳದಿಯಾಗುವುದು ಆಮೇಲೆ. ಇನ್ನೊಮ್ಮೆ ಹೇಳುತ್ತೇನೆ: ಹಳದಿ ನಿಮ್ಮ ಕಣ್ಣಿಗೆ ಬೀಳುವ ಹೊತ್ತಿಗೆ ಕೆಳಗೆ ಬೇರು ಹೋಗಿರುತ್ತದೆ. ಆಗ ಎಲೆಗೆ ಏನು ಹೊಡೆದರೂ ಸತ್ತ ಬೇರು ಚಿಗುರುವುದಿಲ್ಲ.

ಶಿರಸಿ ಕಡೆಯ ಒಂದು ಅಡಿಕೆ ತೋಟಕ್ಕೆ ಹೋಗಿದ್ದೆ. ರೋಗ ತಡೆಯುವ ತಾಮ್ರದ ಔಷಧಿಯಾದ ಬೋರ್ಡೋ ದ್ರಾವಣದ ಲೆಕ್ಕದಲ್ಲಿ ಒಂಚೂರೂ ತಪ್ಪಿಲ್ಲ: 1 ಕೆಜಿ ಮೈಲುತುತ್ತ, 1 ಕೆಜಿ ಸುಣ್ಣ, 100 ಲೀಟರ್ ನೀರು. ಆದರೆ ಪ್ರತಿ ಬಳ್ಳಿಯ ಬುಡಕ್ಕೂ ತಟ್ಟೆಯಂಥ ಪಾತಿ, ಪಾತಿ ತುಂಬ ನೀರು. ಹಬ್ಬು ಬಳ್ಳಿಯ ತುದಿ ಅದರಲ್ಲೇ ಬಿದ್ದಿತ್ತು. ಅದರ ಎಲೆ ಮೇಲೆ ಕಪ್ಪು ಚುಕ್ಕೆ, ಚುಕ್ಕೆಯ ಅಂಚು ನೂಲು ಬಿಟ್ಟಂತೆ. ಪಾತಿ ಒಡೆಯಿರಿ ಎಂದೆ. ಮನೆಯ ಅಮ್ಮ ಒಪ್ಪಲಿಲ್ಲ. “ಪಾತಿ ಇಲ್ದಿದ್ರೆ ಗೊಬ್ಬರ ಎಲ್ಲಾ ತೊಳ್ದು ಹೋಗ್ತಲ ತಮಾ?” ಅವರು ಕೊಟ್ಟ ಕಷಾಯ ಕುಡಿದ ಮೇಲೆ ಜಗಳಕ್ಕೆ ಮನಸ್ಸು ಬರಲಿಲ್ಲ. ಮಗನನ್ನು ಕರೆದು ಗುದ್ದಲಿ ತರಿಸಿದೆ.

ಹಳದಿಯೆಲ್ಲ ಇದೇ ರೋಗ ಎನ್ನುತ್ತಿಲ್ಲ. ಮಣ್ಣಿನ ಜಂತುಹುಳು (ನೆಮಟೋಡ್) ಬೇರಿಗೆ ಬಿದ್ದರೂ ಬಳ್ಳಿ ನಿಧಾನಕ್ಕೆ ಸೊರಗುತ್ತದೆ, ಪೋಷಕಾಂಶದ ಕೊರತೆಗೂ ಹಳದಿಯಾಗುತ್ತದೆ. ಬೇರು ನೋಡದೆ ಫೋಟೊ ಮೇಲೆ ನಾನು ಔಷಧಿ ಹೇಳುವುದಿಲ್ಲ, ಹೇಳುವವರನ್ನು ನೀವೂ ನಂಬಬೇಡಿ.

ಬೋರ್ಡೋ ಬೇಡವೆಂದೂ ಅಲ್ಲ. ಮುಂಗಾರಿಗೆ ಮುಂಚೆ ಹೊಡೆದರೆ ಅದು ಕಾವಲು. ಅದಕ್ಕೂ ಮೊದಲು ಬಸಿಗಾಲುವೆ ಬಿಡಿಸಿ, ಹಬ್ಬು ಬಳ್ಳಿಗಳನ್ನು ನೆಲದಿಂದ ಎತ್ತಿ ಕಟ್ಟಿ. ಮಳೆಗಾಲದಲ್ಲಿ ಬುಡ ಕೆರೆಯಬೇಡಿ, ಗಾಯವಾದ ಬೇರಿಗೆ ರೋಗ ಬೇಗ ಹತ್ತುತ್ತದೆ. ಸತ್ತ ಬಳ್ಳಿಯನ್ನು ಬೇರು ಸಮೇತ ಕಿತ್ತು ಸುಡಿ. ರೋಗದ ಶಿಲೀಂಧ್ರವನ್ನು ತಡೆಯುವ ಒಳ್ಳೆಯ ಶಿಲೀಂಧ್ರ ಟ್ರೈಕೋಡರ್ಮಾ ಹಾಕಿದ ಬುಡಕ್ಕೆ ಮರುದಿನವೇ ತಾಮ್ರದ ಔಷಧಿ ಸುರಿಯುವವರಿದ್ದಾರೆ; ತಾಮ್ರ ಅದನ್ನೂ ಕೊಲ್ಲಬಹುದು. ದಯವಿಟ್ಟು ಎರಡರ ನಡುವೆ ಒಂದಿಷ್ಟು ವಾರ ಬಿಡಿ.