ಬಾಹ್ಯಾಕಾಶದಲ್ಲಿ ಅರ್ಥಧಾರಿಗಳು

ಬದಿಯಡ್ಕದಲ್ಲೋ ನೀರ್ಚಾಲಿನಲ್ಲೋ ಒಂದು ತಾಳಮದ್ದಳೆ ನಡೆಯುತ್ತಿದೆ ಅಂದುಕೊಳ್ಳಿ. ಎದುರುಬದುರು ಕುರ್ಚಿ, ಮುಂದೆ ಮೈಕು. ವಾಲಿ ಬಿಳಿ ಪಂಚೆ ಉಟ್ಟು ಶಾಲು ಹೊದ್ದು ಕೂತಿದ್ದಾನೆ. ರಾಮ ಕನ್ನಡಕ ಒರೆಸಿಕೊಳ್ಳುತ್ತಿದ್ದಾನೆ. ಕಿರೀಟ ಇಲ್ಲ, ಬಣ್ಣ ಇಲ್ಲ, ಕುಣಿತವೂ ಇಲ್ಲ. ಹಾಡುವ ಭಾಗವತರ ಪದ ಮುಗಿದು ವಾಲಿ ಬಾಯಿ ತೆರೆದರೆ ಸಾಕು, ಬಾಣ ನೆಟ್ಟದ್ದು ಸಭೆಗೆಲ್ಲ ಕಾಣುತ್ತದೆ. ಮರೆಯಲ್ಲಿ ನಿಂತು ಯಾಕೆ ಹೊಡೆದೆ ಅಂತ ಅವನು ಕೇಳುತ್ತಾನೆ. ರಾಮನ ಅರ್ಥ, ಅಂದರೆ ಅವನ ಪಾತ್ರದ ಮಾತು, ಹೇಳುವ ಅರ್ಥಧಾರಿ ಅಲ್ಲೇ, ಆ ಕ್ಷಣಕ್ಕೇ ಉತ್ತರ ಹುಡುಕಬೇಕು. ಯಾರೂ ಬರೆದುಕೊಟ್ಟಿರುವುದಿಲ್ಲ. ಶೇಣಿ ಗೋಪಾಲಕೃಷ್ಣ ಭಟ್ಟರ ವಾಲಿಯನ್ನು ಕುಂಬಳೆ ಸೀಮೆಯಲ್ಲಿ ಇವತ್ತಿಗೂ ನೆನಪಿಸಿಕೊಳ್ಳುತ್ತಾರೆ. ಕಥೆ ಗೊತ್ತಿಲ್ಲದೆ ಕೇಳಲು ಹೋದವರು ಯಾರೂ ಇರಲಿಕ್ಕಿಲ್ಲ.

ಬಾಹ್ಯಾಕಾಶದ ಆನ್‌ಲೈನ್ ಗೇಮ್‌ಗಳಲ್ಲಿ ಕಥೆಗೆ ಆಳ ಎಲ್ಲಿಂದ ಬರುತ್ತದೆ ಅಂತ ಯೋಚಿಸುವಾಗ ನನಗೆ ಈ ಕುರ್ಚಿಗಳೇ ಕಣ್ಣಮುಂದೆ ಬರುತ್ತವೆ. ಗೇಮ್ ಮಾಡಿದ ಕಂಪನಿ ಎಷ್ಟು ಬರೆದಿದೆ ಎಂಬ ಲೆಕ್ಕ ಒಂದು. ನಾನು ಮಾಡಿದ್ದಕ್ಕೆ ಎದುರಿಗಿರುವ ಮನುಷ್ಯ ಉತ್ತರ ಕೊಡಲೇಬೇಕಾ, ಇಲ್ವಾ ಎಂಬುದು ಇನ್ನೊಂದು. ನನ್ನ ಮಟ್ಟಿಗೆ ಎರಡನೆಯದೇ ದೊಡ್ಡದು.

ಮೊದಲನೆಯ ಲೆಕ್ಕದಲ್ಲಿ 'ಸ್ಟಾರ್ ವಾರ್ಸ್: ದಿ ಓಲ್ಡ್ ರಿಪಬ್ಲಿಕ್' ಗೇಮನ್ನು ಮೀರಿಸುವುದು ಕಷ್ಟ. 2011ರ ಡಿಸೆಂಬರಿನಲ್ಲಿ ಬಂದದ್ದು. 8 ಬಗೆಯ ಪಾತ್ರಗಳು, ಒಂದೊಂದಕ್ಕೂ ಬೇರೆ ಕಥೆ. ನಟರು ಓದಿ ರೆಕಾರ್ಡ್ ಮಾಡಿದ ಮಾತಿನ ಸಾಲುಗಳೇ 2 ಲಕ್ಷಕ್ಕಿಂತ ಜಾಸ್ತಿ. ಬರವಣಿಗೆಯೂ ಚೆನ್ನಾಗಿದೆ. ಆದರೆ ಅಲ್ಲಿ ನಾವು ಮಾಡುವುದು ಏನು? ಪರದೆಯ ಮೇಲೆ ಬರುವ ಎರಡು ಮೂರು ಉತ್ತರಗಳಲ್ಲಿ ಒಂದನ್ನು ಒತ್ತುವುದು. ಪಕ್ಕದಲ್ಲಿ ನಿಂತ ಇನ್ನೊಬ್ಬನೂ ಅದೇ ಖಳನಾಯಕನನ್ನು ಅದೇ ಕೋಣೆಯಲ್ಲಿ ಕೊಂದು ಬಂದಿರುತ್ತಾನೆ. ಒಳ್ಳೆಯ ಕಾದಂಬರಿ ಓದಿದ ಖುಷಿ ಸಿಗುತ್ತದೆ, ಅಷ್ಟೇ.

ಐಸ್‌ಲ್ಯಾಂಡಿನ ಸಿಸಿಪಿ ಕಂಪನಿ 2003ರ ಮೇ ತಿಂಗಳಲ್ಲಿ ಹೊರತಂದ 'ಈವ್ ಆನ್‌ಲೈನ್' ಇದಕ್ಕೆ ಪೂರ್ತಿ ಉಲ್ಟಾ. ನಮ್ಮ ಸೌರಮಂಡಲದಂಥ 7 ಸಾವಿರಕ್ಕೂ ಹೆಚ್ಚು ನಕ್ಷತ್ರ ಮಂಡಲಗಳಿರುವ ಒಂದೇ ಲೋಕ. ಅಲ್ಲಿನ ಸಾಮ್ರಾಜ್ಯಗಳಿಗೆ ಕಂಪನಿ ಒಂದು ಇತಿಹಾಸ ಬರೆದುಕೊಟ್ಟಿದೆ, ನಿಜ. ಆದರೆ ಜನ ಮಾತಾಡಿಕೊಳ್ಳುವುದು ಆಡುವವರೇ ಕಟ್ಟಿದ ಒಕ್ಕೂಟಗಳ ಬಗ್ಗೆ, ಅವರವರ ಜಗಳಗಳ ಬಗ್ಗೆ. ಹಡಗು ಒಡೆದರೆ ಒಡೆದದ್ದೇ, ವಾಪಸ್ ಬರುವುದಿಲ್ಲ. ಯಾರನ್ನು ನಂಬಬೇಕು ಎಂಬುದಕ್ಕೂ ನಿಯಮ ಇಲ್ಲ. 2005ರಲ್ಲಿ 'ಗೈಡಿಂಗ್ ಹ್ಯಾಂಡ್ ಸೋಶಿಯಲ್ ಕ್ಲಬ್' ಎಂಬ ಗುಂಪಿನವರು ಒಂದು ಸಂಸ್ಥೆಯೊಳಗೆ ನಂಬಿಗಸ್ತರ ಹಾಗೆ ಸೇರಿಕೊಂಡು ಸುಮಾರು ಒಂದು ವರ್ಷ ಕಾದರು. ಸೂಚನೆ ಬಂದ ದಿನ ಉಗ್ರಾಣ ಖಾಲಿ, ಸಂಸ್ಥೆಯ ಮುಖ್ಯಸ್ಥೆಯ ಹಡಗು ಪುಡಿ. ಕದ್ದ ಮಾಲು, ಒಡೆದ ಹಡಗು ಎಲ್ಲ ಸೇರಿದರೆ ನಿಜವಾದ ದುಡ್ಡಿನಲ್ಲಿ 16 ಸಾವಿರ ಡಾಲರಿಗೂ ಮೇಲೆ ಅಂತ ಆಗ ಲೆಕ್ಕ ಹಾಕಿದ್ದರು. ನಿಯಮ ಮುರಿದಿರಲಿಲ್ಲವಾದ್ದರಿಂದ ಕಂಪನಿ ಶಿಕ್ಷೆ ಕೊಡಲಿಲ್ಲ. ಒಂದು ವರ್ಷ ಸ್ನೇಹಿತನ ವೇಷ ಹಾಕುವುದು ಪಾತ್ರ ಮಾಡಿದ್ದೋ ಬರೀ ಮೋಸವೋ? ನನಗೆ ಇದು ಅಷ್ಟಾಗಿ ರುಚಿಸುವುದಿಲ್ಲ. ಕಥೆಯಾಗಿ ಮಾತ್ರ ಬಿಗಿಯಾಗಿದೆ.

2014ರ ಜನವರಿ 27ರಂದು ಇದೇ ಲೋಕದ ಬಿ-ಆರ್5ಆರ್‌ಬಿ ಎಂಬ ಮಂಡಲದಲ್ಲಿ ಒಂದು ಮಹಾಯುದ್ಧ ಶುರುವಾಯಿತು. ಕಾರಣ ಕೇಳಿದರೆ ನಗು ಬರುತ್ತದೆ: ಮಂಡಲದ ಒಡೆತನ ಉಳಿಸಿಕೊಳ್ಳಲು ಕಟ್ಟಬೇಕಾದ ಬಿಲ್ಲು ಹೊತ್ತಿಗೆ ಸರಿಯಾಗಿ ಪಾವತಿ ಆಗಿರಲಿಲ್ಲ. ವಿರೋಧಿಗಳು ನುಗ್ಗಿದರು. ಸುಮಾರು 21 ಗಂಟೆ ಕಾಳಗ, 7 ಸಾವಿರಕ್ಕೂ ಹೆಚ್ಚು ಜನ. ಕಟ್ಟಲು ವಾರಗಟ್ಟಲೆ ಹಿಡಿಯುವ 'ಟೈಟನ್' ಎಂಬ ದೈತ್ಯ ಹಡಗುಗಳೇ 75 ಹೋದವು.

ಇಷ್ಟು ಜನ ಒಂದೇ ಜಾಗಕ್ಕೆ ಬಂದರೆ ಸರ್ವರ್ ಹೇಗೆ ತಡೆದುಕೊಳ್ಳುತ್ತದೆ? ಇಲ್ಲಿ ಸ್ವಲ್ಪ ನಿಲ್ಲೋಣ. ಒಂದು ಹಡಗು ತಿರುಗಿದ್ದನ್ನು ಉಳಿದ ಎಲ್ಲರ ಕಂಪ್ಯೂಟರಿಗೂ ತಿಳಿಸಬೇಕು. ಸಾವಿರ ಹಡಗಿದ್ದರೆ, ಪ್ರತಿಯೊಂದರ ಸುದ್ದಿ ಪ್ರತಿಯೊಬ್ಬರಿಗೂ ಅಂದರೆ ಸುಮಾರು 10 ಲಕ್ಷ ಸಂದೇಶ. ಹಡಗು ಎರಡು ಸಾವಿರ ಆದರೆ ಸಂದೇಶ 20 ಲಕ್ಷ ಆಗುವುದಿಲ್ಲ, 40 ಲಕ್ಷ ಆಗುತ್ತದೆ. ಜನ ದುಪ್ಪಟ್ಟಾದರೆ ಹೊರೆ ನಾಲ್ಕು ಪಟ್ಟು. ಹೀಗಾದಾಗ ಸರ್ವರ್ ಆ ಮಂಡಲದ ಗಡಿಯಾರವನ್ನೇ ನಿಧಾನ ಮಾಡಿಬಿಡುತ್ತದೆ. ಅತಿ ಹೆಚ್ಚೆಂದರೆ ಮಾಮೂಲಿ ವೇಗದ ಶೇಕಡಾ 10ಕ್ಕೆ ಇಳಿಸುತ್ತದೆ. ಆಗ ನಮ್ಮ 10 ಸೆಕೆಂಡು ಅಲ್ಲಿನ 1 ಸೆಕೆಂಡು. ಇದಕ್ಕಿಟ್ಟ 'ಟೈಮ್ ಡೈಲೇಶನ್' ಎಂಬ ಹೆಸರು ಐನ್‌ಸ್ಟೈನ್ ಕಾಲದ ಭೌತಶಾಸ್ತ್ರದಿಂದ ಬಂದದ್ದು, ಕೆಲಸ ಮಾತ್ರ ಶುದ್ಧ ಲೆಕ್ಕಾಚಾರದ್ದು. ಹೀಗೆ ನಿಧಾನವಾದದ್ದು ಕಥೆಗೆ ಒಳ್ಳೆಯದೇ ಆಯಿತು ಅಂತ ನನ್ನ ಅನಿಸಿಕೆ. ಗುಂಡು ಹಾರಿಸುವ ಮಧ್ಯೆ ಮಲಗಿದವರನ್ನು ಎಬ್ಬಿಸಲು, ಮಿತ್ರರನ್ನು ಕರೆಯಲು, ಶತ್ರುವಿನ ಜೊತೆ ವಾದ ಮಾಡಲು ಪುರುಸೊತ್ತು ಸಿಕ್ಕಿತು.

ಮಾತಿಗೆ ಪುರುಸೊತ್ತು ಬೇಕು ಎಂಬುದನ್ನು ಇನ್ನೊಂದು ಗೇಮ್ ತುಂಬ ಚಂದ ಮಾಡಿ ತೋರಿಸಿತ್ತು. 2003ರಲ್ಲೇ ಶುರುವಾದ 'ಸ್ಟಾರ್ ವಾರ್ಸ್ ಗ್ಯಾಲಕ್ಸೀಸ್'ನಲ್ಲಿ ನರ್ತಕಿ ಅಥವಾ ವಾದ್ಯಗಾರ ಆಗುವುದೂ ಒಂದು ವೃತ್ತಿ. ಕಾದಾಡಿ ಬಂದವನ ಮನಸ್ಸಿನ ಗಾಯ ವಾಸಿಯಾಗಬೇಕಾದರೆ ಪಾನಗೃಹಕ್ಕೆ ಹೋಗಿ ಕುಣಿತ ನೋಡಬೇಕು, ಇಲ್ಲವೇ ಸಂಗೀತ ಕೇಳಬೇಕು. ಸುಮ್ನೆ ಕೂರಬೇಕು. ಸುಮ್ನೆ ಕೂತವರು ಏನು ಮಾಡುತ್ತಾರೆ? ಪಕ್ಕದವರ ಹತ್ತಿರ ಮಾತಾಡುತ್ತಾರೆ. ಯಾವ ಊರು, ಯಾರ ಕಡೆ, ಸಾಮ್ರಾಜ್ಯದ ಸೈನಿಕರು ನಿನ್ನೆ ಯಾರನ್ನು ಹಿಡಿದರು. ಪಾತ್ರಗಳು ಹುಟ್ಟಿದ್ದು ಆ ಬೆಂಚುಗಳ ಮೇಲೆ. 2005ರ ನವೆಂಬರಿನಲ್ಲಿ ಗೇಮನ್ನು ಚುರುಕು ಮಾಡುತ್ತೇವೆ ಅಂತ ಹೊರಟು 30ಕ್ಕೂ ಹೆಚ್ಚು ವೃತ್ತಿಗಳನ್ನು 9ಕ್ಕೆ ಇಳಿಸಿದರು. ಹಳಬರು ಸಿಟ್ಟಾಗಿ ದೊಡ್ಡ ಸಂಖ್ಯೆಯಲ್ಲಿ ಬಿಟ್ಟುಹೋದರು. 2011ರ ಡಿಸೆಂಬರ್ 15ಕ್ಕೆ ಬಾಗಿಲು ಹಾಕಿತು.

ಇಂಗ್ಲೆಂಡಿನ ಫ್ರಾಂಟಿಯರ್ ಕಂಪನಿಯ 'ಎಲೀಟ್ ಡೇಂಜರಸ್' 2014ರದ್ದು. ಅದರಲ್ಲಿ ನಮ್ಮ ಹಾಲುಹಾದಿಯ ಅಳತೆಗೇ 40,000 ಕೋಟಿ ನಕ್ಷತ್ರ ಮಂಡಲಗಳಿವೆ. ಗೊತ್ತಿರುವ ನಕ್ಷತ್ರಗಳನ್ನು ಖಗೋಳ ಪಟ್ಟಿಗಳಿಂದ ತೆಗೆದುಕೊಂಡು, ಉಳಿದದ್ದನ್ನು ಗಣಿತದಿಂದ ಹುಟ್ಟಿಸಿದ್ದಾರೆ. ಇಂಧನ ಬೇಕಾದರೆ ನಕ್ಷತ್ರದ ಹತ್ತಿರ ಹೋಗಿ ಹೈಡ್ರೋಜನ್ ಬಾಚಿಕೊಳ್ಳಬೇಕು. ಎಲ್ಲ ನಕ್ಷತ್ರದಲ್ಲೂ ಸಿಗುವುದಿಲ್ಲ. ಖಗೋಳಶಾಸ್ತ್ರದ ಓ, ಬಿ, ಎ, ಎಫ್, ಜಿ, ಕೆ, ಎಂ ವರ್ಗದವುಗಳಲ್ಲಿ ಮಾತ್ರ. ನಮ್ಮ ಸೂರ್ಯ ಜಿ ವರ್ಗ, ಆದೀತು. ಪೂರ್ತಿ ನಕ್ಷತ್ರವಾಗಲಾರದೆ ಉಳಿದ ಕಂದು ಕುಬ್ಜಗಳ ನಡುವೆ ಟ್ಯಾಂಕ್ ಬರಿದಾದರೆ ಕಥೆ ಮುಗಿಯಿತು.

ಆಗ ಬರುವವರು 'ಫ್ಯೂಯಲ್ ರ‍್ಯಾಟ್ಸ್'. ಆಡುವವರೇ ಕಟ್ಟಿಕೊಂಡ ರಕ್ಷಣಾ ಪಡೆ. ಕರೆ ಮಾಡಿದವನಿಗೆ ಅವರ ಮೊದಲ ಪ್ರಶ್ನೆ: ಆಮ್ಲಜನಕ ಮುಗಿಯುವ ಗಡಿಯಾರ ಪರದೆ ಮೇಲೆ ಓಡುತ್ತಿದೆಯಾ? ಹೌದು ಅಂದರೆ, ತಕ್ಷಣ ಗೇಮಿನಿಂದ ಹೊರಗೆ ಬಾ ಅನ್ನುತ್ತಾರೆ. ಹೊರಗೆ ಬಂದರೆ ಗಡಿಯಾರ ನಿಲ್ಲುತ್ತದೆ. ಅಷ್ಟರಲ್ಲಿ ರಕ್ಷಕರು ನಕ್ಷತ್ರದಿಂದ ನಕ್ಷತ್ರಕ್ಕೆ ಜಿಗಿದು ಆ ಮಂಡಲ ತಲುಪಿರುತ್ತಾರೆ. ಈಗ ಒಳಗೆ ಬಾ, ಇರುವ ಜಾಗ ತೋರಿಸುವ ದೀಪ ಹಚ್ಚು, ಅಲ್ಲಾಡಬೇಡ ಅನ್ನುತ್ತಾರೆ. ಪುಟ್ಟ ಡ್ರೋನ್‌ಗಳು ಇಂಧನ ಹೊತ್ತು ತಂದು ಸುರಿಯುತ್ತವೆ. ದುಡ್ಡಿಲ್ಲ, ಪದಕವಿಲ್ಲ. ಕಂಪನಿ ಈ ಪಡೆಯ ಬಗ್ಗೆ ಒಂದು ಸಾಲೂ ಯೋಚಿಸಿಟ್ಟಿರಲಿಲ್ಲ. ಅದು ಮಾಡಿದ್ದು ಒಂದೇ, ಇಂಧನ ಮುಗಿಯುತ್ತದೆ ಎಂಬ ನಿಯಮ. ಪ್ರಸಂಗದಲ್ಲಿ ಪದ್ಯ ನಾಲ್ಕೇ ಸಾಲಿದ್ದರೂ ಅರ್ಥ ಅರ್ಧ ಗಂಟೆ ಬೆಳೆಯುವುದು ಹೀಗೇ ಅಲ್ವಾ.

ಹಾಕಿದ ಪಾತ್ರ ನಮ್ಮನ್ನೂ ಸ್ವಲ್ಪ ತಿದ್ದುತ್ತದೆ. ಸ್ಟ್ಯಾನ್‌ಫರ್ಡಿನಲ್ಲಿ ನಿಕ್ ಯೀ ಮತ್ತು ಜೆರೆಮಿ ಬೈಲೆನ್ಸನ್ ಮಾಡಿ 2007ರಲ್ಲಿ ಪ್ರಕಟಿಸಿದ ಪ್ರಯೋಗ ಇದೆ. ಜನರಿಗೆ ಕಂಪ್ಯೂಟರ್ ಲೋಕದಲ್ಲಿ ಎತ್ತರದ ಅಥವಾ ಕುಳ್ಳ ದೇಹ ಕೊಟ್ಟು, 100 ಡಾಲರನ್ನು ಇಬ್ಬರು ಹಂಚಿಕೊಳ್ಳಿ ಅಂದರು. ಯಾರಿಗೆ ಯಾವ ದೇಹ ಎಂಬುದು ಚೀಟಿ ಎತ್ತಿದ ಹಾಗೆ, ನಿಜವಾದ ಎತ್ತರಕ್ಕೂ ಅದಕ್ಕೂ ಸಂಬಂಧ ಇಲ್ಲ. ಎತ್ತರದವರು ತಮಗೆ ಜಾಸ್ತಿ ಇಟ್ಟುಕೊಳ್ಳಲು ಧೈರ್ಯ ಮಾಡಿದರು. ಕುಳ್ಳ ದೇಹ ಸಿಕ್ಕವರು ಅನ್ಯಾಯದ ಪಾಲಿಗೆ ಒಪ್ಪಿಕೊಂಡದ್ದು ಎತ್ತರದವರಿಗಿಂತ ಸುಮಾರು ಎರಡು ಪಟ್ಟು ಹೆಚ್ಚು. ಪ್ರಯೋಗಶಾಲೆಯ ಸ್ವಲ್ಪ ಹೊತ್ತಿನ ಫಲಿತಾಂಶ ಇದು. ವರ್ಷಗಟ್ಟಲೆ ಒಂದೇ ಪಾತ್ರದಲ್ಲಿ ಇರುವವರಿಗೆ ಇದನ್ನೇ ನೇರವಾಗಿ ಅಂಟಿಸಲು ಬರುವುದಿಲ್ಲ.

ಪೆರ್ಲದಲ್ಲೋ ಮುಳ್ಳೇರಿಯದಲ್ಲೋ ಕೂತು ಇದನ್ನೆಲ್ಲ ಆಡಬಹುದಾ ಅಂದರೆ, ಆಡಬಹುದು. ಈವ್‌ನ ಸರ್ವರ್ ಇರುವುದು ಲಂಡನ್ನಿನಲ್ಲಿ, ಕಾಸರಗೋಡಿನಿಂದ ನೇರ ಗೆರೆ ಎಳೆದರೆ ಹತ್ತಿರ ಹತ್ತಿರ 8,000 ಕಿಲೋಮೀಟರ್. ಗಾಜಿನ ತಂತಿಯಲ್ಲಿ ಬೆಳಕು ಸೆಕೆಂಡಿಗೆ 2 ಲಕ್ಷ ಕಿಲೋಮೀಟರ್ ಓಡುತ್ತದೆ. ಹೋಗಿಬರಲು ಏನಿಲ್ಲವೆಂದರೂ ಸೆಕೆಂಡಿನ ನೂರರಲ್ಲಿ 8 ಪಾಲು ಬೇಕು. ಕೇಬಲ್ಲು ಸುತ್ತಿ ಬಳಸಿ ಹೋಗುವುದರಿಂದ ಇನ್ನೂ ಹೆಚ್ಚು. ಬಂದೂಕಿನ ಗೇಮ್ ಆದರೆ ಅಷ್ಟರಲ್ಲಿ ಸತ್ತಿರುತ್ತೀರಿ. ಈವ್ ಸೆಕೆಂಡಿಗೆ ಒಂದೇ ಸಲ ಲೆಕ್ಕ ಮಾಡುವುದರಿಂದ ದೊಡ್ಡ ತೊಂದರೆ ಇಲ್ಲ. ದಿನಾ ಸಂಜೆ ನಾಲ್ಕೂವರೆಗೆ ಇಡೀ ಬ್ರಹ್ಮಾಂಡವನ್ನು ಸ್ವಲ್ಪ ಹೊತ್ತು ಮುಚ್ಚಿ ತೆರೆಯುತ್ತಾರೆ. ಚಹಾದ ಹೊತ್ತು, ಅನುಕೂಲವೇ. ಆಟಿ ತಿಂಗಳ ಮಳೆಗೆ ಜಗಳದ ಮಧ್ಯೆ ಕರೆಂಟ್ ಹೋದರೆ ಮಾತ್ರ ಹಡಗಿನ ಆಸೆ ಬಿಡಿ.

ಆಳಕ್ಕೆ ಬೆಲೆಯೂ ಇದೆ. ಈ ಗೇಮ್‌ಗಳಲ್ಲಿ ಹೆಚ್ಚಿನ ದಿನ ಏನೂ ನಡೆಯುವುದಿಲ್ಲ. ಕಲ್ಲು ಅಗೆಯುವುದು, ಸರಕು ಸಾಗಿಸುವುದು, ಕಾಯುವುದು. ಪದ ಎತ್ತಿಕೊಟ್ಟು ಸಭೆಯ ಬೇಸರ ಕಳೆಯಲು ಅಲ್ಲಿ ಭಾಗವತರಿಲ್ಲ.

ಭಾಗವತಿಕೆಯ ಪ್ರಯತ್ನ ಒಮ್ಮೆ ಎಲೀಟ್‌ನಲ್ಲಿ ಆಯಿತು, 2017ರ ಏಪ್ರಿಲ್ 29ರಂದು. ಕಥೆಯ ಮುಖ್ಯ ಪಾತ್ರ ಸಲೋಮಿಯನ್ನು, ಆ ಕಥೆಯನ್ನು ಕಾದಂಬರಿಯಾಗಿ ಬರೆಯುತ್ತಿದ್ದ ಲೇಖಕನೇ ಗೇಮಿನೊಳಗೆ ನಡೆಸಿದ. ಅವಳು ಸುರಕ್ಷಿತ ಜಾಗ ಮುಟ್ಟಬೇಕು. ಕಾಯುವವರು ಕಾಯಬಹುದು, ಕೊಲ್ಲುವವರು ಕೊಲ್ಲಬಹುದು. ಏನಾದರೂ ಅದೇ ಕಥೆ ಅಂತ ಮೊದಲೇ ಹೇಳಿದ್ದರು. ನೂರಾರು ಹಡಗುಗಳು ಕಾವಲಿಗೆ ನಿಂತವು. ಅವಳನ್ನು ಕೊಂದವನು ಆ ಕಾವಲಿನ ಒಳಗೇ ಸೇರಿಕೊಂಡಿದ್ದ. ಕಾವಲುಗಾರರು ಬೈದರು, ಅತ್ತರು, ಇದು ನ್ಯಾಯವಲ್ಲ ಎಂದರು. ಲೇಖಕ ಮಾತು ತಪ್ಪಲಿಲ್ಲ, ಕಾದಂಬರಿಯಲ್ಲಿ ಅವಳು ಸತ್ತಳು. ಗೈಡಿಂಗ್ ಹ್ಯಾಂಡ್‌ನವರ ವಿಷಯದಲ್ಲಿ ಮೂಗು ಮುರಿದ ನಾನು ಇಲ್ಲಿ ಕೊಂದವನ ಪರ. ಆವತ್ತು ಅವಳು ಸಾಯಬಹುದು ಅಂತ ಎಲ್ಲರಿಗೂ ಗೊತ್ತಿತ್ತು, ಎಲ್ಲರೂ ಒಪ್ಪಿಯೇ ಬಂದಿದ್ದರು.